ಮೂವತ್ತೊಂಬತ್ತನೆಯದು

ಮಾಚೇನಹಳ್ಳಿಯ ಶೆಡ್ಡಿನಲ್ಲಿ ರಾತ್ರಿ ಎರಡೂವರೆ.
ನಲವತ್ತು ಸೆಲ್ಲು ಒಂದರ ಬೆನ್ನಿಗೊಂದು ಒತ್ತಿ ಕೂತಿವೆ
ಡಬ್ಬಿಯೊಳಗಿನ ಹಪ್ಪಳದ ಹಾಗೆ.
ಒಂದೊಂದರ ಹೊಟ್ಟೆಯಲ್ಲೂ ಒಂದು ಪೊರೆ,
ಈರುಳ್ಳಿ ಸಿಪ್ಪೆಯಷ್ಟು ತೆಳು.
ಒಣಗಿದರೆ ಬಿರಿಯುತ್ತದೆ, ನೆನೆದರೆ ಮುಳುಗುತ್ತದೆ,
ಬಾಣಂತಿಯ ಹಾಗೆ ಅದಕ್ಕೆ ಎಲ್ಲವೂ ಹದವಾಗಿರಬೇಕು.

ಪರದೆಯ ಮೇಲೆ ಹಸಿರು ಕಡ್ಡಿಗಳ ಸಾಲು,
ತುದಿಯ ಹತ್ತಿರ ಒಂದು ಕೆಂಪು.
ಪಾಯಿಂಟ್ ಆರು ಎಂಟು ಇರಬೇಕಾದದ್ದು
ಪಾಯಿಂಟ್ ನಾಲ್ಕಕ್ಕೆ ಇಳಿದು ಅಲ್ಲೇ ತೂಕಡಿಸುತ್ತಿದೆ.
ಸಾಲಿನಲ್ಲಿ ಒಬ್ಬ ಕೊಡ ಕೆಳಗಿಟ್ಟರೆ
ಹಿಂದಿನವರೆಲ್ಲ ಕೊಡ ಹಿಡಿದು ನಿಲ್ಲಬೇಕು.

ಇದಕ್ಕೆ ಮೊದಲು ನಾನು ಗಾಂಧಿ ಬಜಾರಿನ ಹಿಂದೆ
ಅಣ್ಣನ ಅಂಗಡಿಯಲ್ಲಿ ಮೋಟಾರಿಗೆ ತಂತಿ ಸುತ್ತುತ್ತಿದ್ದೆ.
ಸುಟ್ಟ ಮೋಟಾರು ಮೂಗಿಗೆ ಗೊತ್ತಾಗುತ್ತದೆ.
ಇದರಲ್ಲಿ ಬೆಂಕಿಯಿಲ್ಲ, ಹೊಗೆಯಿಲ್ಲ,
ಕೆಟ್ಟರೆ ಕೆಟ್ಟ ವಾಸನೆಯೂ ಇಲ್ಲ.
ಕಡೆಯ ಕೊಳವೆಯಿಂದ ತೊಟ್ಟು ತೊಟ್ಟು ನೀರು.
ಒಮ್ಮೆ ಯಾರೂ ಇಲ್ಲದಾಗ ನಾಲಿಗೆಗೆ ಇಟ್ಟು ನೋಡಿದ್ದೆ.
ಸಪ್ಪೆ.

ಮೊದಲು ಗ್ಯಾಸಿನ ಮೇಲೆ ಅನುಮಾನ.
ಎಪಿಎಂಸಿ ಯಾರ್ಡಿನ ಕೊಳೆತ ಕೋಸು, ಒಡೆದ ಟೊಮೆಟೊ
ತೊಟ್ಟಿಯಲ್ಲಿ ಹುದುಗಿ ಉಬ್ಬಿದ ಗ್ಯಾಸು,
ಕೊಳೆತ ಮೊಟ್ಟೆಯ ನಾತದ್ದು.
ನಾತ ಕಳೆಯಲು ಜುಲೇಖಾ ಮೇಡಂ
ಭದ್ರಾವತಿಯಿಂದ ಎರಡು ಚೀಲ ತುಕ್ಕು ತರಿಸಿದರು.
ದುಡ್ಡು ಕೊಟ್ಟು ತುಕ್ಕು! ಲಾರಿಯವನು ನಕ್ಕೇ ನಕ್ಕ.
ಲೇತಿನ ಚಕ್ಕೆ, ನೀರು ಚಿಮುಕಿಸಿ ಬಿಸಿಲಿಗೆ ಕೆಂಪಾಗಿಸಿದ್ದು,
ಗಂಧಕ ತಿಂದು ತಿಂದು ಕಪ್ಪಾಗುತ್ತದೆ,
ಗಾಳಿಗೆ ಹರವಿದರೆ ಮತ್ತೆ ಕೆಂಪು,
ಮತ್ತೆ ಹಸಿವು.

ಆಮೇಲೆ ಉಗಿ. ಏಳುನೂರು ಡಿಗ್ರಿ.
ಆಮೇಲೆ ಆರಿಸಿ, ಆರಿಸಿ, ಮೂರು ಪಾತ್ರೆ ದಾಟಿಸಿ
ಸೋಸಿದರೂ ಉಳಿಯುವ ಇಂಗಾಲದ ಒಂದು ಎಳೆ ವಿಷ:
ಹತ್ತು ಲಕ್ಷಕ್ಕೆ ಹತ್ತು ಪಾಲು ಮೀರಿತೋ
ಪ್ಲಾಟಿನಮ್ಮಿಗೆ ಉಸಿರು ಕಟ್ಟುತ್ತದೆ.
ಮೀಟರು ಹೇಳಿತು: ಆರು.
‘ವಿಷವಾಗಿದ್ದರೆ ನಲವತ್ತೂ ಕೆಮ್ಮಬೇಕಿತ್ತಲ್ಲ’
ಎಂದರು ಮೇಡಂ, ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತ.
ಇದೊಂದೇ ಯಾಕೆ?

ವೀರಭದ್ರಾಚಾರ್ರು ಅಲ್ಲಿಯವರೆಗೆ ಮಾತಾಡಿರಲಿಲ್ಲ.
ಮೂವತ್ತು ವರ್ಷ ಲೇತಿನ ಮುಂದೆ ನಿಂತು ಸವೆದ ಮೊಣಕಾಲು.
ಎದ್ದು ಬಂದು ತುದಿಯ ದಪ್ಪ ತಗಡಿನ ಮೇಲೆ
ಉಕ್ಕಿನ ಪಟ್ಟಿ ಅಡ್ಡ ಇಟ್ಟರು.
ಜೇಬಿನಿಂದ ಬಸ್ಸಿನ ಟಿಕೆಟ್ಟು ತೆಗೆದು
ಪಟ್ಟಿಯ ತುದಿಗೆ ತೂರಿಸಿದರು.
ಸಲೀಸಾಗಿ ಹೋಯಿತು.
‘ತಗಡಿಗೆ ಹೊಟ್ಟೆ ಬಂದಿದೆ ಮಾರಾಯ್ತಿ.
ನೀವು ಅಂಚಿಗೆ ಬೋಲ್ಟು ಬಿಗಿದಷ್ಟೂ ನಡು ಎದ್ದು ಕೂರ್ತದೆ.
ಒಳಗೆ ಸಡಿಲ. ನೀರು ಅಲ್ಲೇ ಮಡುಗಟ್ಟಿದೆ.’

ದಪ್ಪ ತಗಡು ಹಾಕೋಣವೆಂದೆ. ಭಾರ ಎಂದರು ಮೇಡಂ.
‘ದಪ್ಪ ಯಾಕೆ? ಒಳಮುಖಕ್ಕೇ ಮೊದಲು ಹೊಟ್ಟೆ ಕೊಡಿ.
ಕಾಲು ಮಿಲಿಮೀಟರ್ ಸಾಕು.
ಬಿಗಿದಾಗ ತಾನಾಗೇ ಸಪಾಟಾಗ್ತದೆ.’
ನಕ್ಷೆಯಲ್ಲಿ ಸಪಾಟು ಎಂದೇ ಇತ್ತು, ಮೂರು ಸಹಿಗಳ ಸಮೇತ.
ಮೇಡಂ ತುಂಬ ಹೊತ್ತು ನಕ್ಷೆ ನೋಡಿದರು.
ಪೆನ್ಸಿಲು ಕೇಳಿದರು.

ಆರು ದಿನ ಬೇಕಾಯಿತು.
ಏಳನೆಯ ರಾತ್ರಿ ಬೋಲ್ಟು ಬಿಗಿದವಳು ನಾನು.
ಮದ್ದಳೆಗೆ ಬಾರು ಎಳೆದ ಹಾಗೆ,
ಈ ಬದಿ ಅರ್ಧ ಸುತ್ತು, ಎದುರು ಬದಿ ಅರ್ಧ,
ಆಚಾರ್ರು ಬೆರಳ ಗೆಣ್ಣಿನಿಂದ ತಗಡು ಬಡಿದು
ಕಿವಿಗೊಟ್ಟು ‘ಇನ್ನು ಚೂರು’ ಅನ್ನುತ್ತಿದ್ದರು.
ಏನು ಕೇಳಿಸುತ್ತಿತ್ತೋ ನನಗೆ ತಿಳಿಯಲಿಲ್ಲ.

ಕೆಂಪು ಕಡ್ಡಿ ಹಳದಿಯಾಯಿತು. ನಿಂತಿತು.
ಕೊಳವೆಯೊಮ್ಮೆ ಗೊರಗೊರ ಎಂದು
ಮಡುಗಟ್ಟಿದ್ದನ್ನೆಲ್ಲ ಉಗುಳಿತು.
ಆಮೇಲೆ ಹಸಿರು.

ಯಾರೂ ಚಪ್ಪಾಳೆ ತಟ್ಟಲಿಲ್ಲ.
ಆಚಾರ್ರು ಕೆಟಲ್ಲಿನ ವೈರು ತಂದು ಸಿಕ್ಕಿಸಿದರು,
ಕೊಳವೆಯಡಿಯ ಬಕೆಟ್ಟಿನ ನೀರೇ ಹೊಯ್ದರು.
ಬೆಲ್ಲ ಜಾಸ್ತಿ ಹಾಕಿ ಎಂದೆ, ಆ ನೀರಿನ ರುಚಿ ಗೊತ್ತಿದ್ದವಳು.

ಚಹಾದ ಲೋಟ ನಕ್ಷೆಯ ಮೇಲಿಟ್ಟು
ಮೇಡಂ ಪುಸ್ತಕದಲ್ಲಿ ಬರೆದುಕೊಂಡರು:
ಮೂವತ್ತೊಂಬತ್ತು, ಪಾಯಿಂಟ್ ಆರು ಆರು.
ಇನ್ನೂ ಎರಡು ಬಾಕಿ.